ಕಸಿಯಿಲ್ಲದ ಪಟ್ಟಿ

ಹೊಳೆದಂಡೆಯ ಮಠದಲ್ಲಿ ಓದುತ್ತಿದ್ದ ಕರಿಬಸವ, ಗುರುಗಳ ಅಪ್ಪಣೆ ಕೇಳಿ, ಬಿಡುವಿನ ವೇಳೆಗೆಂದು ಹಿತ್ತಲಲ್ಲಿ ಒಂದು ಪುಟ್ಟ ನರ್ಸರಿ ಮಾಡಿಕೊಂಡಿದ್ದ. ಮಾವಿನ ಕಸಿಗೆ ಅವನ ಕೈಗುಣ ಒಳ್ಳೆಯದೆಂದು ಸುತ್ತಲೂ ಹೆಸರಾಯಿತು. ಹೆಸರು ತಲೆಗೇರಲು ಎಷ್ಟು ಹೊತ್ತು ಬೇಕು?

ಒಂದು ದಿನ ಊರಿನ ಮುದುಕಿ ಹಾಲಮ್ಮ ಬಂದಳು.

"ಬೀಜದ ಗಿಡ ಬೇಡ ಮರಿ. ಅದು ಫಲ ಬಿಡೋ ಹೊತ್ತಿಗೆ ನಾನಿರಲ್ಲ. ಕಸಿ ಮಾಡಿದ್ದು ಕೊಡು. ಒಂದು ಹಣ್ಣು ತಿಂದು ಕಣ್ಣು ಮುಚ್ತೀನಿ."

ಕಸಿ ಸಸಿಗಳು ಮುಗಿದುಹೋಗಿದ್ದವು. ಇಲ್ಲ ಅನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ಮುದುಕಿಯ ಮೇಲಿನ ಕರುಣೆಯೇನಲ್ಲ, ಕರಿಬಸವನ ಹತ್ತಿರವೂ ಸಸಿ ಇಲ್ಲವಂತೆ ಎಂದು ಊರು ಆಡಿಕೊಂಡೀತು ಎಂಬ ಬಿಂಕ. ಬೀಜದ ಸಸಿಯೊಂದಕ್ಕೆ, ಕಸಿ ಕೂಡಿಸಿದ ಗಂಟಿಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಸುತ್ತಿ ಕೊಟ್ಟುಬಿಟ್ಟ.

ಆರು ತಿಂಗಳಾದ ಮೇಲೆ ಆಕೆ ಮತ್ತೆ ಬಂದಳು, ಸೆರಗಿನಲ್ಲಿ ಮಂಡಕ್ಕಿ ಕಟ್ಟಿಕೊಂಡು.

"ಗಿಡ ದಪ್ಪ ಆಗ್ತಿದೆ ಮರಿ. ಪಟ್ಟಿ ಬಿಚ್ಚಲೇನು?"

ಬಿಚ್ಚಿದರೆ ಒಳಗೆ ಕಸಿಯ ಗಂಟೇ ಇಲ್ಲ. ಗುಟ್ಟು ರಟ್ಟು.

"ಬೇಡಮ್ಮ, ಇರಲಿ," ಅಂದ.

"ಮಠದವರು ಹೇಳಿದ ಮೇಲೆ ಮುಗೀತು," ಎಂದು ಆಕೆ ಮಂಡಕ್ಕಿಯನ್ನು ಅವನ ಬೊಗಸೆಗೆ ಸುರಿದು ಹೋದಳು.

ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ಒಂದು ಕಾಳೂ ಬಾಯಿಗೆ ಹಾಕಲಿಲ್ಲ. ಹೋಗಿ ಗುರುಗಳ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟ.

"ಪಟ್ಟಿ ಬಿಚ್ಚದಿದ್ದರೆ ಏನಾಗುತ್ತೆ?" ಗುರುಗಳು ಕೇಳಿದರು.

"ಕಾಂಡ ಬೆಳೆದ ಹಾಗೆ ಪಟ್ಟಿ ಕೊರೆಯುತ್ತೆ, ಬುದ್ಧಿ. ಗಿಡ ಒಣಗುತ್ತೆ."

"ಗೊತ್ತಿದ್ದೂ ಇರಲಿ ಅಂದೆ."

ಕರಿಬಸವ ಕೈ ಮುಗಿದ. "ಮೂರು ದಿನ ಉಪವಾಸ ಇರ್ತೀನಿ, ಬುದ್ಧಿ."

"ನೀನು ಹಸಿದಿದ್ದರೆ ಹಾಲಮ್ಮನಿಗೆ ಹಣ್ಣು ಸಿಗುತ್ತಾ?"

"ಹಾಗಾದ್ರೆ ಆಕೆ ಸಂತೆಗೆ ಹೋದಾಗ ಅದನ್ನ ಕಿತ್ತು, ಒಳ್ಳೇ ಕಸಿ ಸಸಿ ನೆಟ್ಟು ಬರ್ತೀನಿ. ಆಕೆಗೆ ಗೊತ್ತೇ ಆಗಲ್ಲ."

"ಇನ್ನೊಂದು ಪಟ್ಟಿ ಸುತ್ತೋಕೆ ಹೊರಟೆಯಲ್ಲಪ್ಪ."

ಗುರುಗಳು ಎದ್ದು ಹಿತ್ತಲಿಗೆ ನಡೆದರು. ಚೆನ್ನಾಗಿ ಕೂಡಿಕೊಂಡ ಕಸಿ ಸಸಿಯೊಂದನ್ನು ಆರಿಸಿ, ಪಟ್ಟಿ ಬಿಚ್ಚಿ, ಗಂಟು ಕಾಣುವಂತೆ ಅವನ ಕೈಗಿಟ್ಟರು. ಅವನ ಹೆಗಲಿಗೆ ಹಾರೆ ಏರಿಸಿದರು.

"ಈಗ ಆಕೆ ಮನೇಲಿರ್ತಾಳೆ. ಹೋಗು."

ಕರಿಬಸವ ಎರಡು ಹೆಜ್ಜೆ ಇಟ್ಟು ಹಿಂದಿರುಗಿ ನೋಡಿದ. "ಬುದ್ಧಿ, ಬೀದೀಲಿ ಜನ ಇರ್ತಾರೆ. ಎಲ್ಲರೆದುರು ಆಕೆ ನನ್ನ ಮುಖಕ್ಕೆ ಉಗಿದರೆ?"

"ಒರೆಸಿಕೊಂಡು ಗುಂಡಿ ತೋಡು."