ಭಾಮೈದನ ಚಿನ್ನದ ಬಳ್ಳಿ

"ಇಂಥ ಬಳ್ಳಿ ಮೂರು ಲೋಕ ಹುಡುಕಿದರೂ ಸಿಗಲ್ಲ ಭಾವಾ! ನೆಲ ಬೇಡ, ನೀರು ಬೇಡ, ಗೊಬ್ಬರ ಬೇಡ. ಬಣ್ಣ ನೋಡಿ, ಅಪ್ಪಟ ಚಿನ್ನ!"

ಕಂಬಳಿಕೋಟೆಯ ದೊರೆ ಬಿಲ್ಲಪ್ಪನಾಯಕನ ಎದುರು ಹೀಗೆ ಕೊಚ್ಚಿಕೊಳ್ಳುತ್ತಿದ್ದವನು ಕೋನಪ್ಪ, ರಾಣಿಯ ತಮ್ಮ. ಅಕ್ಕನ ಮಗುವಿನ ನಾಮಕರಣಕ್ಕೆಂದು ಬಂದವನು. ಆ ಮಗು ಈಗ ಕುದುರೆ ಸವಾರಿ ಕಲಿಯುತ್ತಿತ್ತು, ಸೋದರಮಾವ ಮಾತ್ರ ಇನ್ನೂ ಊರಿಗೆ ಹೊರಟಿರಲಿಲ್ಲ. ಊಟ ದೊರೆಯದು, ರುಮಾಲು ದೊರೆಯದು, ಕುದುರೆಯೂ ದೊರೆಯದೇ. ಯುದ್ಧದಲ್ಲಿ ಹುಲಿಯಾಗುತ್ತಿದ್ದ ದೊರೆ ಹೆಂಡತಿಯ ತವರಿನ ಮಾತು ಬಂದರೆ ಇಲಿ. ಹೆಣ್ಣು ಕೊಟ್ಟ ಮನೆಯವನನ್ನು ಎದ್ದು ಹೋಗಯ್ಯ ಅನ್ನಲು ಬಾಯಾದರೂ ಹೇಗೆ ಬಂದೀತು!

ಎಲ್ಲಿಂದಲೋ ತಂದ ಆ ಹಳದಿ ಬಳ್ಳಿಯನ್ನು ಕೋನಪ್ಪ ಅರಮನೆಯ ನಿಂಬೆತೋಟದ ಮೇಲೆ ಎಸೆದಿದ್ದ. ಅದು ಗಿಡದಿಂದ ಗಿಡಕ್ಕೆ ಸುತ್ತಿಕೊಂಡು, ಶ್ಯಾವಿಗೆ ಒಣಹಾಕಿದ ಹಾಗೆ ತೋಟವನ್ನೆಲ್ಲ ಮುಚ್ಚಿತು. ನಿಂಬೆಗಿಡಗಳ ಎಲೆ ಉದುರಿತು, ಕಾಯಿ ಬಿಡುವುದು ನಿಂತಿತು. ತೋಟ ನೋಡಿಕೊಳ್ಳುತ್ತಿದ್ದ ವಿಧವೆ ಮರುಳಮ್ಮ ಒಂದು ಎಳೆ ಕೀಳಲು ಹೋಗಿ ಕೋನಪ್ಪನ ಕೈಗೆ ಸಿಕ್ಕಿಬಿದ್ದಳು.

"ನೋಡಿದಿರಾ ಭಾವಾ? ಹೊಟ್ಟೆಕಿಚ್ಚು! ನೀರು ಹಾಕದೆ ಗಿಡ ಒಣಗಿಸಿ, ತಪ್ಪನ್ನು ನನ್ನ ಬಳ್ಳಿಯ ತಲೆಗೆ ಕಟ್ಟುತ್ತಿದ್ದಾಳೆ. ಇವಳನ್ನು ಓಡಿಸಿ, ತೋಟ ನನಗೆ ಕೊಡಿ."

ದೊರೆ ರಾಣಿಯ ಮುಖ ನೋಡಿದ. ರಾಣಿ ನೆಲ ನೋಡಿದಳು. ದೊರೆ ಗಂಟಲು ಸರಿಮಾಡಿಕೊಂಡು ಅಪ್ಪಣೆ ಮಾಡಿಯೇಬಿಟ್ಟ. "ಮರುಳಮ್ಮಾ, ಬರುವ ಹುಣ್ಣಿಮೆಯೊಳಗೆ ಗಿಡ ಚಿಗುರಬೇಕು. ಬಳ್ಳಿಗೆ ಕುಡುಗೋಲು ತಾಗಕೂಡದು. ಆಗಲಿಲ್ಲವೋ, ತೋಟದ ಗುಡಿಸಲು ಖಾಲಿ ಮಾಡು."

"ಅಯ್ಯೋ ಬುದ್ಧೀ, ಆ ಗಿಡಗಳನ್ನ ಸಸಿಯಿಂದ ಸಾಕಿದೀನಿ. ನಾನೆಲ್ಲಿಗೆ ಹೋಗಲಿ?" ಎಂದು ಮರುಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಆಸ್ಥಾನದ ವಿದೂಷಕ, ಬಾಯಿಬಡುಕ ಬಕ್ಕಪ್ಪ ಅಲ್ಲೇ ಕಂಬಕ್ಕೊರಗಿ ನಿಂತಿದ್ದ. ಅವನಿಗೆ ಮೈಯೆಲ್ಲ ಉರಿದುಹೋಯಿತು. ಉಂಡಾಡಿಗೆ ತೋಟ, ದುಡಿದವಳಿಗೆ ಬೀದಿಯೇ? ಆದರೆ ಸಿಟ್ಟು ಬಂದಾಗ ಬಕ್ಕಪ್ಪ ಬೈಯುವವನಲ್ಲ, ಹೊಗಳುವವನು. ಕೈಮುಗಿದು ಮುಂದೆ ಬಂದ.

"ಪ್ರಭೂ, ಗಿಡ ಚಿಗುರಿಸೋದು ನನಗೆ ಬಿಡಿ. ಆದರೆ ನನ್ನ ಸಂಕಟ ಬೇರೆ. ಇಂಥ ಚಿನ್ನದಂಥ ಬಳ್ಳಿ ಮುಳ್ಳುನಿಂಬೆಯ ಮೇಲೆ ಬಿದ್ದಿರೋದೇ? ಛೇ ಛೇ! ಕೋನಪ್ಪನವರ ಮರ್ಯಾದೆ ಏನಾಗಬೇಕು? ಅದಕ್ಕೆ ಸ್ವಂತದ್ದೊಂದು ಚಪ್ಪರ ಬೇಡವೇ?"

"ಅದು ಮಾತು!" ಎಂದು ಕೋನಪ್ಪ ಉಬ್ಬಿದ.

"ಗಂಧದ ಕಂಬ, ರೇಷ್ಮೆಯ ದಾರ, ಬೆಳಿಗ್ಗೆ ಹಾಲು, ಸಂಜೆ ಪನ್ನೀರು. ಬಿಡಿಸಿ ತರೋದಕ್ಕೆ ಮಾತ್ರ ಬೇರೆಯವರ ಒರಟು ಕೈ ಬೇಡಪ್ಪ. ತಾವೇ ಆಗಬೇಕು. ಒಂದೆಳೆ ಕೂಡ ಹಿಂದೆ ಉಳೀಬಾರದು, ಉಳಿದರೆ ಚಿನ್ನ ಚೆಲ್ಲಿದ ಹಾಗೆ."

ಅರಮನೆಗೆ ಬಂದ ಮೇಲೆ ಕೋನಪ್ಪ ಮೈಬಗ್ಗಿಸಿದ್ದು ಅದೇ ಮೊದಲು. ನಿಂಬೆಮುಳ್ಳು ಚುಚ್ಚಿಸಿಕೊಂಡು, "ಅಮ್ಮಾ, ಅಪ್ಪಾ" ಎನ್ನುತ್ತ ಎಳೆಎಳೆಯಾಗಿ ಬಿಡಿಸಿದ. ಬಕ್ಕಪ್ಪ ಕೊಡೆ ಹಿಡಿದು ಪಕ್ಕದಲ್ಲೇ ನಿಂತು, "ಅಗೋ ಅಲ್ಲೊಂದು ಉಳೀತು ಸ್ವಾಮೀ, ಇಗೋ ಇಲ್ಲೊಂದು" ಎಂದು ತೋರಿಸುತ್ತಿದ್ದ. ಬಳ್ಳಿ ಗಂಧದ ಚಪ್ಪರ ಏರಿತು. ಕೋನಪ್ಪ ತನ್ನ ಕೈಯಾರೆ ಹಾಲೆರೆದ. ಇತ್ತ ಮರುಳಮ್ಮ ನಿಂಬೆಗಿಡಗಳ ಬುಡಕ್ಕೆ ಗೊಬ್ಬರ ಹಾಕಿ ನೀರು ಬಿಟ್ಟಳು.

ಹುಣ್ಣಿಮೆಯ ಬೆಳಿಗ್ಗೆ ದೊರೆ, ರಾಣಿ ಇಬ್ಬರೂ ನೋಡಲು ಬಂದರು. ನಿಂಬೆಗಿಡಗಳ ತುದಿಯಲ್ಲಿ ಎಳೆ ಚಿಗುರು ಮಿರಮಿರ ಮಿಂಚುತ್ತಿತ್ತು. ಚಪ್ಪರದ ಮೇಲಿನ ಬಳ್ಳಿ ಕಪ್ಪಾಗಿ, ಮುಟ್ಟಿದರೆ ಪುಡಿಯಾಗುವಂತೆ ಒಣಗಿತ್ತು.

"ಕೊಂದರು! ಈ ಬಕ್ಕಪ್ಪ ನನ್ನ ಬಳ್ಳೀನ ಕೊಂದ!" ಎಂದು ಕೋನಪ್ಪ ಬಾಯಿ ಬಡಿದುಕೊಂಡ.

"ಯಾರು, ನಾನೇ? ಬಿಡಿಸಿದವರು ತಾವು, ಹಬ್ಬಿಸಿದವರು ತಾವು, ಹಾಲೆರೆದವರೂ ತಾವೇ. ನಾನು ಕೊಡೆ ಹಿಡಿದವನು!"

"ಹಾಗಾದರೆ ಒಣಗಿದ್ದು ಯಾಕೋ?" ದೊರೆ ಕೇಳಿದ.

ಬಕ್ಕಪ್ಪ ಒಣ ಎಳೆಯೊಂದನ್ನು ತೆಗೆದು ದೊರೆಯ ಅಂಗೈಮೇಲಿಟ್ಟ. "ಒಳಮಗ್ಗುಲು ನೋಡಿ ಪ್ರಭೂ. ಸಾಲಾಗಿ ಸಣ್ಣ ಸಣ್ಣ ಗಂಟು ಇವೆಯಲ್ಲ, ಅವು ಬಾಯಿ. ಗಿಡದ ತೊಗಟೆಗೆ ಕಚ್ಚಿ ರಸ ಹೀರೋದಕ್ಕೆ. ಬುಡ ಹುಡುಕಿ, ಬೇರೇ ಇಲ್ಲ. ನೆಲ ಬೇಡ, ನೀರು ಬೇಡ ಅಂತ ಕೋನಪ್ಪನವರು ಹೇಳಿದ್ದು ಸುಳ್ಳಲ್ಲ. ಕುಡಿದಿದ್ದೆಲ್ಲ ನಿಂಬೆಗಿಡದ ನೀರು, ತಿಂದಿದ್ದೆಲ್ಲ ಅದರ ಗೊಬ್ಬರ. ಇಲ್ಲಿ ಸ್ವಂತ ಚಪ್ಪರ ಸಿಕ್ಕಿತು, ಹಾಲು ಸಿಕ್ಕಿತು, ಹೀರೋದಕ್ಕೆ ಮಾತ್ರ ಯಾರೂ ಸಿಗಲಿಲ್ಲ. ಪಾಪ, ಸ್ವಂತ ಸಂಸಾರ ಅಂದರೆ ಏನು ಅಂತಲೇ ಅದಕ್ಕೆ ಗೊತ್ತಿರಲಿಲ್ಲ!"

ದೊರೆ ಆ ಎಳೆಯನ್ನು ನೋಡಿದ, ಭಾಮೈದನನ್ನು ನೋಡಿದ, ಮತ್ತೆ ಎಳೆಯನ್ನು ನೋಡಿದ. ಮೀಸೆಯ ಅಡಿಯಲ್ಲಿ ನಗು ತಡೆಯಲಾರದೆ ಕೆಮ್ಮಿದ. "ಮರುಳಮ್ಮಾ, ತೋಟ ಇವತ್ತಿನಿಂದ ನಿನ್ನ ಹೆಸರಿಗೆ. ಬಕ್ಕಪ್ಪಾ, ಈ ಕಡಗ ನಿನಗೆ" ಎಂದು ಕೈಯ ಕಡಗ ಬಿಚ್ಚಿದ.

ಕೋನಪ್ಪನಿಗೆ ಈಗ ಅರ್ಥವಾಯಿತು. ಮುಖ ಕೆಂಪಗಾಯಿತು.

"ಏನೋ ಬಕ್ಕಾ, ಬಳ್ಳಿ ಹೆಸರು ಹೇಳಿ ನನಗೇ ಅಂತಿದೀಯಾ? ನಾನು ಯಾರು ಗೊತ್ತೇನೋ? ಈ ಅರಮನೆಯಲ್ಲಿ ಬೇರೂರಿದವನು ಕಣೋ ನಾನು, ಬೇರೂರಿದವನು!"

"ಬೇರೇ ಇಲ್ಲವಲ್ಲ ಸ್ವಾಮೀ, ಊರೋದು ಏನನ್ನ?" ಬಕ್ಕಪ್ಪ ನಡುಬಗ್ಗಿಸಿ ನಮಸ್ಕರಿಸಿದ. "ಬೇರಿಲ್ಲದವರಿಗೆ ಉಳಿದಿರೋದು ಒಂದೇ, ಬೇರೆ ಊರು!"

ಮೊದಲು ನಕ್ಕವಳು ರಾಣಿ. ಸೆರಗು ಬಾಯಿಗಿಟ್ಟುಕೊಂಡರೂ ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ತಮ್ಮನ ಭುಜದ ಮೇಲೆ ಕೈಯಿಟ್ಟು ಪ್ರೀತಿಯಿಂದ ಕೇಳಿದಳು:

"ದಾರಿಗೆ ಬುತ್ತಿ ಕಟ್ಟಿಸ್ತೀನಿ ಕಣೋ ಕೋನಾ. ಒಂದು ಹೊತ್ತಿಗೆ ಸಾಕಾ, ಎರಡು ಹೊತ್ತಿಗೆ ಬೇಕಾ?"