ಹಕ್ಕಿ ಕಾಯುವ ಮೌನಿ

ಹೊಳೆಯ ದಂಡೆಯಲ್ಲಿ ನಿರ್ವಾಣಯ್ಯನವರ ಆಶ್ರಮ. ಆಶ್ರಮವೆಂದರೆ ಒಂದು ಮನೆ, ಒಂದು ಜೋಡಿ ಎತ್ತು, ಒಂದು ಹೊಲ. ಗುರುಗಳ ಹೆಂಡತಿ ಪಾರಮ್ಮ. ಶಿಷ್ಯ ಒಬ್ಬನೇ, ಚನ್ನಮಲ್ಲ.

ಚನ್ನಮಲ್ಲ ಬಂದದ್ದು ಮಂತ್ರಕ್ಕಾಗಿ. ಸಿಕ್ಕಿದ್ದು ಸಗಣಿ ಬುಟ್ಟಿ.

ಬೇಸಿಗೆಯಲ್ಲಿ ನೆಲಕ್ಕೆ ಗೊಬ್ಬರವಾಗಲೆಂದು ಹೊಲದಲ್ಲಿ ಕುರಿ ಹಿಂಡು ಕೂಡಿಸಿದರು. ಕುರಿಗಳ ನಡುವೆಯೇ ಮಲಗಿ ಎದ್ದ ಚನ್ನಮಲ್ಲ ಮೈ ಕೆರೆದುಕೊಳ್ಳುತ್ತ ಕೇಳಿದ.

“ಅಜ್ಜಾರ, ಮಂತ್ರ ಯಾವಾಗ ಕೊಡ್ತೀರಿ?”

“ಮಳಿ ಆಗ್ಲಿ,” ಎಂದರು ಗುರುಗಳು.

ಮಳೆ ಆಯಿತು. ಸರಿಯಾಗಿ ಬಿತ್ತುವ ದಿನವೇ ಚನ್ನಮಲ್ಲನಿಗೆ ವೈರಾಗ್ಯ ಉಕ್ಕಿತು.

“ಅಜ್ಜಾರ, ಇವತ್ತ ಕುಂತ ಜಾಗಾ ಬಿಟ್ಟು ಏಳೂದಿಲ್ಲಂತ ವ್ರತ ಹಿಡದೇನ್ರಿ.”

“ಆಗ್ಲಿ.”

ಬಿತ್ತಿದ ಸಾಲಿಗೆ ಮಣ್ಣು ಮುಚ್ಚಲು ಎತ್ತುಗಳು ಮರದ ಹಲಗೆಯೊಂದನ್ನು ಎಳೆಯುತ್ತವೆ. ಭಾರಕ್ಕೆ ಅದರ ಮೇಲೊಬ್ಬರು ಕೂರಬೇಕು. ಗುರುಗಳು ಶಿಷ್ಯನನ್ನು ಅದರ ಮೇಲೆ ಕೂರಿಸಿದರು. ಸಂಜೆಗೆ ವ್ರತವೂ ಮುಗಿಯಿತು, ಹೊಲವೂ ಮುಗಿಯಿತು. ಚನ್ನಮಲ್ಲನ ಹಲ್ಲಿನ ಸಂದಿಯಲ್ಲೂ ಮಣ್ಣಿತ್ತು.

“ಒಂದೀಟೂ ಕದಲಲಿಲ್ಲ ನೋಡು. ಶಾಣ್ಯಾ ಅದಿ,” ಎಂದರು ಗುರುಗಳು.

ಕಳೆ ಕೀಳುವ ಹೊತ್ತಿಗೆ ಅವನಲ್ಲಿ ದಯೆ ಉಕ್ಕಿತು.

“ಹುಲ್ಲಿಗೂ ಜೀವ ಐತ್ರಿ ಅಜ್ಜಾರ. ನಾ ಒಂದು ಎಳೀನೂ ಕೀಳೂದಿಲ್ಲ.”

“ಆಗ್ಲಿ. ಸಗಣಿಗೆ ನೋವಾಗೂದಿಲ್ಲ. ಅದನ್ನ ಹೊರು.”

ಪಾರಮ್ಮ ಕಳೆ ಕಿತ್ತು ಸಾಲುಗಳ ನಡುವೆಯೇ ಹಾಸಿದರು. ಚನ್ನಮಲ್ಲ ಸಗಣಿ ಹೊತ್ತ. ಅವನ ವ್ರತಗಳಿಗೂ ಹೊಲದ ಕೆಲಸಕ್ಕೂ ಅದೇನು ಹಗೆತನವೋ, ಪಾಪ, ಅವನಿಗೇ ಗೊತ್ತಿರಲಿಲ್ಲ.

ಜೋಳದ ತೆನೆಯಲ್ಲಿ ಹಾಲು ತುಂಬಿತು. ಗಿಳಿಗಳು ಬರುವ ಕಾಲ. ಅಟ್ಟಣಿಗೆಯ ಮೇಲೆ ನಿಂತು ದಿನವಿಡೀ ಕೂಗಿ ಹಕ್ಕಿ ಓಡಿಸಬೇಕು.

“ಅಜ್ಜಾರ, ಮಹಾನವಮಿ ತನಕ ಮೌನ ಇರ್ತೇನ್ರಿ. ಪೂರಾ ಮಾಡಿದ್ರ ಮಂತ್ರ ಕೊಡ್ತೀರೇನ್ರಿ?”

“ಕೊಡ್ತೇನಿ. ಹೋಗಿ ಅಟ್ಟಣಿಗಿ ಹತ್ತು.”

ಪಾರಮ್ಮ ಹಣೆ ಚಚ್ಚಿಕೊಂಡರು. “ಮಾತಾಡದವನ್ನ ಹಕ್ಕಿ ಕಾಯಾಕ ಯಾರರ ಕಳಸ್ತಾರೇನ್ರಿ?”

“ನೋಡೂಣು,” ಎಂದರು ಗುರುಗಳು. ಶಿಷ್ಯನಿಗೆ ಇಷ್ಟೇ ಹೇಳಿದರು: “ಬದುವಿನ ಸಾಲು ಹಕ್ಕಿಗೆ. ನಡುವಿನದು ನಮಗ. ಕೆಂಪು ದಾರ ಕಟ್ಟಿದ ತೆನಿ ಬರೂ ವರ್ಷದ ಬೀಜ. ಅದರ ಮ್ಯಾಲೆ ಕಣ್ಣಿರಲಿ.”

ಚನ್ನಮಲ್ಲ ಕಣ್ಣಿಟ್ಟ. ಬಾಯಿ ಬಿಡಲಿಲ್ಲ. ಬಡಿಯಲೆಂದು ಪಾರಮ್ಮ ತಗಡಿನ ಡಬ್ಬಿ ಕೊಟ್ಟಿದ್ದರು. ಡಬ್ಬಿಯ ಸದ್ದೂ ಸದ್ದೇ ಅಲ್ಲವೇ ಎಂದು ಅದನ್ನೂ ಮುಟ್ಟಲಿಲ್ಲ. ಹೆಗಲ ವಸ್ತ್ರ ಬೀಸಿದ. ಗಿಳಿಗಳು ಮೊದಲ ದಿನ ಹಾರಿದವು. ಮರುದಿನ ವಸ್ತ್ರದ ಗಾಳಿಯಲ್ಲಿ ತಂಪಾಗಿ ಕೂತು ತಿಂದವು.

ಒಂದು ದಿನ ಒಂದು ಗಿಳಿ ಅವನ ಹೆಗಲ ಮೇಲೆಯೇ ಬಂದು ಕೂತಿತು.

ಚನ್ನಮಲ್ಲನಿಗೆ ರೋಮಾಂಚನವಾಯಿತು. ಪ್ರಾಣಿಪಕ್ಷಿಗಳು ಹೆದರದೆ ಹತ್ತಿರ ಬರುವುದು ಸಿದ್ಧಪುರುಷರ ಬಳಿ ಮಾತ್ರ ಎಂದು ಅವನು ಕೇಳಿದ್ದ. ಸಂಜೆ ಗುರುಗಳೆದುರು ಹೆಗಲು ತೋರಿಸಿದ, ಕೈಗಳನ್ನು ರೆಕ್ಕೆಯಂತೆ ಬಡಿದ, ಕಣ್ಣು ಮುಚ್ಚಿ ಸಮಾಧಿಸ್ಥನಾದ.

ಗುರುಗಳಿಗೆ ಅರ್ಥವಾಯಿತು. “ಹೌದಪಾ. ಬೆದರುಬೊಂಬಿ ಮ್ಯಾಲೂ ಕೂಡ್ತಾವು.”

ಬೆದರುಬೊಂಬೆಗಿಂತ ನಿಶ್ಚಲರು ಇನ್ಯಾರಿದ್ದಾರೆ? ಚನ್ನಮಲ್ಲ ಅದನ್ನೂ ಹೊಗಳಿಕೆಯೆಂದೇ ತಿಳಿದ.

ಮಹಾನವಮಿಗೆ ಒಂದೇ ದಿನ ಉಳಿದಿತ್ತು. ಆ ಮಧ್ಯಾಹ್ನ ಪಾರಮ್ಮ ಬುತ್ತಿ ಹಿಡಿದು ಹೊಲಕ್ಕೆ ಬಂದರು. ನಡುವಿನ ಸಾಲಿಗೆ ಹೋಗಿ ಕೆಂಪು ದಾರದ ತೆನೆಗಳನ್ನು ಒಂದೊಂದಾಗಿ ನೋಡಿದರು. ದಾರಗಳೇನೋ ಹಾಗೇ ಇದ್ದವು. ಕಾಳು ಉಳಿದದ್ದು ಒಂದೇ ತೆನೆಯಲ್ಲಿ.

ಅವರು ಬೈಯಲಿಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

“ಇದು ನನ್ನ ತವರಿನ ಜ್ವಾಳ ಚನ್ನಮಲ್ಲಾ. ನಮ್ಮವ್ವ ಉಡಿ ತುಂಬಿ ಕಳಿಸಿದ್ದು. ಈಗ ಅಕಿನೂ ಇಲ್ಲ, ಈ ಬೀಜ ಬ್ಯಾರೆ ಎಲ್ಲೂ ಸಿಗೂದಿಲ್ಲ.”

ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು, ಬುತ್ತಿಯನ್ನು ಅಟ್ಟಣಿಗೆಯ ಮೇಲಿಟ್ಟರು. “ಉಣ್ಣು. ರೊಟ್ಟಿ ಆರತಾವು,” ಎಂದು ಮನೆಯ ದಾರಿ ಹಿಡಿದರು.

ಚನ್ನಮಲ್ಲ ರೊಟ್ಟಿ ಮುರಿದು, ಮತ್ತೆ ಬುತ್ತಿಯಲ್ಲೇ ಇಟ್ಟ. ಅದೂ ಜೋಳದ ರೊಟ್ಟಿಯೇ. ಅವನಿಗೆ ಬಹಳ ನಾಚಿಕೆಯಾಯಿತು.

ಅಷ್ಟರಲ್ಲಿ, ಅಂದೂ ಬಂದು ಅವನ ಹೆಗಲ ಮೇಲೆ ಕೂತಿದ್ದ ಗಿಳಿ ಹಾರಿತು. ನೇರ ಹೋಗಿ ಆ ಉಳಿದ ಒಂದು ತೆನೆಯ ಮೇಲೆ ಕೂತು, ಕೊಕ್ಕು ಓರೆ ಮಾಡಿತು.

ಅವನು ವಸ್ತ್ರ ಬೀಸಿದ. ಗಿಳಿ ತಿರುಗಿಯೂ ನೋಡಲಿಲ್ಲ. ಇಳಿದು ಓಡಿದರೆ ಅವನು ಮುಟ್ಟುವಷ್ಟರಲ್ಲಿ ತೆನೆ ಖಾಲಿ. ಬಾಯಿ ತೆರೆದರೆ ಮಂತ್ರ ಖಾಲಿ. ನಾಳೆ ಬೆಳಗಾದರೆ ಮಂತ್ರ ಸಿಗುತ್ತಿತ್ತು.

ಗಿಳಿ ಮೊದಲ ಕಾಳು ಒಡೆಯಿತು.

“ಹೋ! ಹೋ! ಹೋಯ್! ಏ ನಿನ್ನ ಹೆಣಾ ಎತ್ಲಿ, ಅಮ್ಮಾರ ತವರಿನ ಬೀಜ ಅದು! ಹೋ!”

ಇಷ್ಟು ದಿನ ಕೂಡಿಟ್ಟ ದನಿಯೆಲ್ಲ ಒಮ್ಮೆಗೇ ಹೊರಬಿತ್ತು. ಆ ಗಿಳಿಯಷ್ಟೇ ಅಲ್ಲ, ಇಡೀ ಹಿಂಡೇ ಹೊಳೆ ದಾಟಿ ಹಾರಿತು. ದಾರಿಯಲ್ಲಿದ್ದ ಪಾರಮ್ಮ ನಿಂತು ತಿರುಗಿ ನೋಡಿದರು. ಕೊಟ್ಟಿಗೆಯ ಎತ್ತುಗಳು ಎದ್ದು ನಿಂತವು. ಎಲ್ಲಿದ್ದರೋ, ಗುರುಗಳೂ ಬಂದರು.

ಚನ್ನಮಲ್ಲ ಅಟ್ಟಣಿಗೆಯಿಂದ ಜಾರಿ ಅವರ ಕಾಲಿಗೆ ಬಿದ್ದ. ಅಳು ತಡೆಯಲಾಗಲಿಲ್ಲ.

“ಮೌನ ಮುರೀತ್ರಿ ಅಜ್ಜಾರ. ಮಂತ್ರ ಹೋತು.”

ಗುರುಗಳು ಉಳಿದ ತೆನೆಯನ್ನು ಮುಟ್ಟಿ ನೋಡಿದರು. ಒಂದು ಕಾಳು ಹೋಗಿತ್ತು, ಮಿಕ್ಕಿದ್ದೆಲ್ಲ ಇತ್ತು. ಅವರು ತಗಡಿನ ಡಬ್ಬಿ ಎತ್ತಿ ಶಿಷ್ಯನ ಕೈಗಿಟ್ಟರು.

“ಹೋತೆಲ್ಲಿ? ಹೊಳಿ ಆಚೀ ದಂಡಿಗೂ ಕೇಳಿಸ್ತಲ್ಲೋ! ನಾಳೆ ನಸಕಿನಿಂದ ಅದನ್ನ ಜಪಿಸು. ಹೆಣಾ ಎತ್ತೂದೊಂದು ಬಿಡು.”