ಎರಡು ನೆನಪಿನ ಹುಲಿಗೆಮ್ಮ

ಬಹಳ ಹಿಂದೆ, ಒಂದು ಅಣೆಕಟ್ಟೆಯ ಕೆಳಗೆ ಒಂದೂರಿತ್ತು. ಮುದೇನಹಾಳ ಅಂತ ಹೆಸರು. ಯಾವ ವರ್ಷ ಅಂತ ಕೇಳಬೇಡಿ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗೇಟುಗಳನ್ನು ಕೈಯಿಂದ ತಿರುಗಿಸುವ ಕಾಲ ಆಗಲೇ ಮುಗಿದಿತ್ತು, ಹಳೇ ತಿರುಗಣಿಗಳು ಗುಜರಿಗೆ ಹೋಗಿದ್ದವು. ನೀರು ಎಷ್ಟು ಬಂತು, ಯಾವ ಗೇಟು ಎಷ್ಟು ಏಳಬೇಕು, ಎಲ್ಲವನ್ನೂ ಕಟ್ಟೆ ಮೇಲಿನ ಕೋಣೆಯ ಕಂಪ್ಯೂಟರ್ ಪೆಟ್ಟಿಗೆ, ಅಂದರೆ ಸರ್ವರ್, ನೆನಪಿಟ್ಟುಕೊಂಡು ಹೇಳಬೇಕು, ಗೇಟು ಕೇಳಬೇಕು. ಸ್ವಲ್ಪ ಸ್ವಲ್ಪ ಬಿಟ್ಟರೆ ಹೊಳೆ ತಾಳುತ್ತದೆ. ಸರ್ವರ್ ಮರೆತರೆ ಗೇಟು ನಿಂತಿತು, ಗೇಟು ನಿಂತರೆ ನೀರು ಕಟ್ಟೆ ಹತ್ತಿ ಒಂದೇ ಸಲಕ್ಕೆ ಊರ ಮೇಲೆ ಬಂತು. ಇಷ್ಟೇ ಲೆಕ್ಕ.

ಆ ಸರ್ವರ್ ಕಾಯುತ್ತಿದ್ದ ಎಂಜಿನಿಯರ್ ಹುಲಿಗೆಮ್ಮ. ಅದೇ ಊರಿನ ಸೊಸೆ. ಅತ್ತೆ, ಗಂಡ, ತೊಟ್ಟಿಲಲ್ಲಿ ಮಗಳು, ಎಲ್ಲ ಕೆಳಗೇ. ಪೆಟ್ಟಿಗೆಗೆ ಕಿವಿಗೊಟ್ಟರೆ ಸಾಕು, ಒಳಗೆ ಯಾವ ನೆನಪು ಸೊರಗಿದೆ ಅಂತ ಹೇಳುತ್ತಿದ್ದಳಂತೆ. ನಂಬಿದರೆ ನಂಬಿ.

ಅವಳು ಮಾಡಿದ ಮೊದಲ ಕೆಲಸಕ್ಕೆ ಎಲ್ಲರೂ ನಕ್ಕರಂತೆ. ಪೆಟ್ಟಿಗೆಯಲ್ಲಿ ನೆನಪಿನ ಬೋರ್ಡು ಎರಡಿದ್ದವು. ಬೇರೆ ಬೇರೆ ಕೆಲಸಕ್ಕೆ ಹಚ್ಚದೆ ಒಂದೇ ಮಾತನ್ನು ಎರಡರಲ್ಲೂ ಬರೆಸಿದಳು. ದಿನಾ ಬೆಳಗ್ಗೆ ಎರಡನ್ನೂ ತಾಳೆ ನೋಡಿಸಿ, ಸಣ್ಣ ತಪ್ಪು ದೊಡ್ಡದಾಗುವ ಮೊದಲೇ ತಿದ್ದಿಸುವಳು. ಗೇಟಿನ ಆಪರೇಟರ್ ತಿಪ್ಪೇಶಿ ತಡೆಯಲಾರದೆ, "ಎರಡೆತ್ತು ಕಟ್ಟಿ ಒಂದೆತ್ತಿನ ಕೆಲಸ ಮಾಡಿಸ್ತೀಯಲ್ಲಕ್ಕ" ಅಂದ. "ಒಂದೆತ್ತು ಬಿದ್ದ ದಿನ ಕೇಳೋ" ಅಂದಳಂತೆ.

ಆಯುಧಪೂಜೆ ಬಂತು. ಹುಲಿಗೆಮ್ಮ ಹಬ್ಬಕ್ಕೆ ಮನೆಗಿಳಿದಿದ್ದಳು. ತಿಪ್ಪೇಶಿಗೆ ಭಕ್ತಿ ಉಕ್ಕಿತು. ಊರು ಕಾಯುವ ಪೆಟ್ಟಿಗೆ, ಹೊರಗೆ ಕುಂಕುಮ ಹಚ್ಚಿದರೆ ತಗಡಿಗೆ ಪೂಜೆ ಆಯಿತು, ಒಳಗಿದ್ದವನಿಗೇನು ಸಿಕ್ಕಿತು ಅಂದುಕೊಂಡನಂತೆ. ಮುಚ್ಚಳ ತೆಗೆದು ಎರಡೂ ಬೋರ್ಡಿಗೆ ವಿಭೂತಿ ಎಳೆದ, ಮಿಣಮಿಣ ಅನ್ನುವ ದೀಪಗಳಿಗೆ ಕುಂಕುಮ ಇಟ್ಟ, ಮೇಲಿಂದ ಭಂಡಾರದ ಅರಿಸಿನಪುಡಿ ತೂರಿದ. ಫ್ಯಾನು ಆ ಪುಡಿಯನ್ನೆಲ್ಲ ಎಳೆದು ಸಂದುಸಂದಿಗೆ ತುಂಬಿತು.

ಹಬ್ಬದ ಹೂವು ಬಾಡುವ ಮೊದಲೇ ಮೇಲ್ನಾಡಲ್ಲಿ ಮಳೆ ಬಿತ್ತು. ನೀರು ಬಂತು ಅಂತಾರೆ, ಮರ ಹೊತ್ತು ಬಂತು, ಬಣವೆ ಹೊತ್ತು ಬಂತು ಅಂತಾರೆ. ಊರು ಬಿಡೋಣವೆಂದರೆ ಸೇತುವೆ ಮುಳುಗಿತ್ತು. ಹುಲಿಗೆಮ್ಮ ಓಡಿ ಕಟ್ಟೆ ಹತ್ತಿದಳು. ಮಧ್ಯಾಹ್ನ ಒಂದು ಬೋರ್ಡು ಸತ್ತಿತು. ಇನ್ನೊಂದು ಅದೇ ಮಾತನ್ನು ಹೇಳುತ್ತಲೇ ಇತ್ತು, ಗೇಟು ಏಳುತ್ತಲೇ ಇತ್ತು. ತಿಪ್ಪೇಶಿ ಕೈ ಮುಗಿದ. ಆದರೆ ಆ ಇನ್ನೊಂದೂ ತಡವರಿಸತೊಡಗಿದ್ದು ಪರದೆಯ ಮೇಲೆ ಅವಳಿಗೆ ಕಂಡಿತು.

ಕಪಾಟಿನಿಂದ ಹೊಸ ಬೋರ್ಡು ತೆಗೆದಳು. ಪೆಟ್ಟಿಗೆ ಆರಿಸುವಂತಿಲ್ಲ, ಆರಿಸಿದರೆ ಗೇಟು ನಿಂತಿತು. ನಡೆಯುತ್ತಿರುವಾಗಲೇ ಸತ್ತದ್ದನ್ನು ಕಿತ್ತು ಹೊಸದು ಕೂರಿಸಬೇಕು. ಕೈತಪ್ಪಿ ಬದುಕಿದ್ದನ್ನೇ ಕಿತ್ತರೆ ಮುಗಿಯಿತು.

"ನಡೀತೈತಲ್ಲಕ್ಕ, ಮುಟ್ಟಬ್ಯಾಡ! ನಿನ್ನ ಕೂಸು ಕೆಳಗೈತಿ!"

"ಅದಕ್ಕೇ ಮುಟ್ಟೋದು. ಒಂಟಿಗಾಲಲ್ಲಿ ನಿಂತೋನ್ನ, ನಿಂತಾನಲ್ಲ ಅಂತ ಬಿಟ್ಟು ಹೋಗ್ತೀಯೇನೋ?"

ಸತ್ತದ್ದು ಯಾವುದೆಂದು ತೋರಿಸುವ ದೀಪಕ್ಕೇ ಕುಂಕುಮ ಮೆತ್ತಿತ್ತು. ಕಿವಿಯಿಟ್ಟು ಕೇಳಿ ಗುರುತು ಹಿಡಿದಳು ಅಂತ ಊರವರು ಹೇಳುತ್ತಾರೆ. ಇಲ್ಲ, ಸೆರಗಿನಿಂದ ಕುಂಕುಮ ಒರೆಸಿ ನೋಡಿದಳು ಅಂತ ತಿಪ್ಪೇಶಿ ಸಾಯುವ ತನಕ ಹೇಳಿದ. ಅಂತೂ ಕಿತ್ತಳು. ಫ್ಯಾನಿನ ಸದ್ದು ಬದಲಾಗಲಿಲ್ಲ. ಹೊಸದನ್ನು ಒತ್ತಿದಳು. ಬದುಕಿದ್ದ ಬೋರ್ಡು ತನ್ನ ಮಾತನ್ನೆಲ್ಲ ಹೊಸದಕ್ಕೆ ಕಲಿಸತೊಡಗಿತು. ನೀರು ಕಟ್ಟೆಯ ತಲೆಗೆ ಬಂದು ನಿಂತಿತ್ತು. ಹೊಸದು ಕಲಿತು ಮುಗಿಸಿತು, ಹಳೆಯದು ಬಾಯಿ ಮುಚ್ಚಿತು. ಗೇಟು ಮಾತ್ರ ಏಳುತ್ತಲೇ ಇತ್ತು.

ಆಗಲೂ ಅವಳು ಕೂರಲಿಲ್ಲವಂತೆ. ಮೊದಲು ಕಿತ್ತ ಬೋರ್ಡಿನ, ಪೆಟ್ಟಿಗೆಗೆ ಸಿಕ್ಕಿಕೊಳ್ಳುವ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ತಿಕ್ಕಿ, ಭಂಡಾರವೆಲ್ಲ ಬಿಡಿಸಿ, ಆಗಷ್ಟೇ ಬಾಯಿ ಮುಚ್ಚಿದ್ದರ ಜಾಗಕ್ಕೆ ಕೂರಿಸಿದಳು. ಎರಡೂ ಒಂದೇ ಮಾತು ಹೇಳತೊಡಗಿದ ಮೇಲೆಯೇ ನೆಲದ ಮೇಲೆ ಕೂತಳಂತೆ. ಹೊಳೆ ಅವಳ ಮನೆಯ ಹೊಸ್ತಿಲು ನೆಕ್ಕಿ, ತೊಟ್ಟಿಲಿಗೆ ತಲೆಬಾಗಿ ತಿರುಗಿ ಹೋಯಿತು ಅಂತಾರೆ. ಕಾಲಿಗೆ ಬಿದ್ದ ತಿಪ್ಪೇಶಿಗೆ ಅಂದದ್ದು ಇಷ್ಟೇ: "ಪೂಜೆ ಮಾಡಬ್ಯಾಡ ಅನ್ನಂಗಿಲ್ಲೋ ತಮ್ಮ. ಬಾಗಿಲಿಗೆ ಮಾಡು."

ಅವಳು ಹೋಗಿ ಎಷ್ಟೋ ಕಾಲವಾಯಿತು. ಮುದೇನಹಾಳದಲ್ಲಿ ಇವತ್ತಿಗೂ ಹೆರಿಗೆಯ ಸುದ್ದಿಯಾಗಲಿ, ಸಾವಿನ ಸುದ್ದಿಯಾಗಲಿ, ಒಬ್ಬರ ಕೈಲಿ ಕಳಿಸುವುದಿಲ್ಲ. ಇಬ್ಬರು ಹೊರಡುತ್ತಾರೆ, ಬೇರೆ ಬೇರೆ ದಾರಿಯಲ್ಲಿ, ಅದೇ ಮಾತು ಹೊತ್ತು. ಯಾರು ಮೊದಲು ಮುಟ್ಟಿದರೋ ಅವರ ಮಾತು ಕೇಳಿ ಆಗಬೇಕಾದ್ದಕ್ಕೆ ಕೈ ಹಾಕುತ್ತಾರೆ. ಆಮೇಲೆ ಸುದ್ದಿ ಮುಟ್ಟಿದ ಮನೆಯವರೊಬ್ಬರು ಚಪ್ಪಲಿ ಮೆಟ್ಟಿ, ಇನ್ನೂ ಬಾರದವನನ್ನು ಹುಡುಕಲು ಹೊರಡುತ್ತಾರೆ.